ಮಲಗಿ ಎದ್ದರೆ ಕೋಟೆ ಉರಿಯುತ್ತಿತ್ತು: ಈ ಗೇಮ್‌ಗಳ ಒಳಗೆ ನಿಜವಾಗಿ ಏನು ನಡೆಯುತ್ತದೆ?

ನಿದ್ದೆಗಣ್ಣ

ಗೇಮ್ ಹೆಸರು ಹೇಳುವುದಿಲ್ಲ, ಹೇಳಿದರೆ ವಿಷಯ ಬಿಟ್ಟು ಅದರ ಬಗ್ಗೆಯೇ ಜಗಳ ಶುರುವಾಗುತ್ತದೆ. ಕೋಟೆ ಕಟ್ಟು, ಸೈನ್ಯ ಸಾಕು, ದೊಡ್ಡ ಮ್ಯಾಪ್ ಮೇಲೆ ಸಾವಿರಾರು ಜನರ ಜೊತೆ ಹೊಡೆದಾಡು, ಅದೇ ಮಾಮೂಲಿ ಥರದ್ದು. ನಾಲ್ಕು ತಿಂಗಳಿಂದ ಆಡುತ್ತಿದ್ದೇನೆ. ನಿನ್ನೆ ರಾತ್ರಿ, 8 ಗಂಟೆ ಕಾಲ ಕೋಟೆಗೆ ಯಾರೂ ಹೊಡೆಯದಂತೆ ಕಾಯುವ ಶೀಲ್ಡ್ ಹಾಕಿ ಮಲಗಿದೆ. ಎದ್ದು ಆ್ಯಪ್ ತೆಗೆದರೆ ಕೋಟೆ ಧಗಧಗ ಉರಿಯುತ್ತಿದೆ, ಉಗ್ರಾಣ ಖಾಲಿ, 3 ಲಕ್ಷ ಸೈನಿಕರಲ್ಲಿ ಉಳಿದವರು 40 ಸಾವಿರ, ಆಸ್ಪತ್ರೆಯಲ್ಲಿ 30 ಸಾವಿರ. ಮಿಕ್ಕವರೆಲ್ಲ ಸತ್ತೇ ಹೋದರು. ಎರಡೂವರೆ ತಿಂಗಳ ತರಬೇತಿ ಒಂದೇ ರಾತ್ರಿಯಲ್ಲಿ ಮಣ್ಣುಪಾಲು.

ನನಗೆ ಅರ್ಥವಾಗದ್ದು ಇದು. ನಾನು ಆನ್‌ಲೈನ್ ಇರಲೇ ಇಲ್ಲ. ಫೋನ್ ಚಾರ್ಜಿಗೆ ಹಾಕಿದ್ದೆ, ಡೇಟಾ ಕೂಡ ಆಫ್. ಹಾಗಾದರೆ ನನ್ನ ಸೈನ್ಯವನ್ನು ಯುದ್ಧಕ್ಕೆ ನಿಲ್ಲಿಸಿದ್ದು ಯಾರು? ಹೊಡೆದವನ ಪವರ್ 90 ಲಕ್ಷ, ನನ್ನದು 1.2 ಕೋಟಿ. ಕಡಿಮೆ ಇರುವವನು ಹೇಗೆ ಗೆದ್ದ? ಶೀಲ್ಡ್ ಎಲ್ಲಿ ಹೋಯ್ತು? ಇದು ಬಗ್ಗಾ, ಮೋಸಾನಾ?

ಸುಮ್ನಿರು

ಶೀಲ್ಡ್ ಹಾಕಿದ ಮೇಲೆ ಯಾರಿಗಾದರೂ ಹೊಡೆದಿರಾ?

ನಿದ್ದೆಗಣ್ಣ

ಇಲ್ಲ.

ಸುಮ್ನಿರು

ನಿಜವಾಗಲೂ?

ನಿದ್ದೆಗಣ್ಣ

ಹೊಡೆದಿಲ್ಲ ಅಂದೆನಲ್ಲ ಗುರು.

ಬಿಟ್ಟುಬಂದವನು

ಬಗ್ಗೂ ಅಲ್ಲ, ಮೋಸವೂ ಅಲ್ಲ. ದುಡ್ಡು. ದುಡ್ಡು ಹಾಕಿದವನು ಗೆಲ್ಲುತ್ತಾನೆ, ಹಾಕದವನು ಉರಿಯುತ್ತಾನೆ. ಡಿಲೀಟ್ ಮಾಡಿ, ಆರಾಮಾಗಿ ನಿದ್ದೆ ಮಾಡಿ. ಚರ್ಚೆ ಮುಗಿಯಿತು.

ಸರ್ವರ್‌ರಾಯ

ಮುಗಿದಿಲ್ಲ, ಇರಿ. ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಸರ್ವರ್ ಕೆಲಸ.

ನಿಮ್ಮ ಕೋಟೆ ನಿಮ್ಮ ಫೋನಿನಲ್ಲಿ ಇಲ್ಲ. ಎಲ್ಲೋ ಇರುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್‌ನ ಡೇಟಾಬೇಸ್‌ನಲ್ಲಿ ಕೆಲವು ಸಾಲುಗಳಾಗಿ ಇದೆ. ಇಂಥವನ ಹತ್ತಿರ ಇಷ್ಟು ಕಾಲಾಳು, ಇಷ್ಟು ಕುದುರೆ, ಗೋಡೆ ಇಷ್ಟನೇ ಹಂತ, ಶೀಲ್ಡ್ ಇಂಥ ಹೊತ್ತಿಗೆ ಮುಗಿಯುತ್ತದೆ. ಅಷ್ಟೇ. ಫೋನ್ ಅದನ್ನು ಚಂದವಾಗಿ ಬಿಡಿಸಿ ತೋರಿಸುತ್ತದೆ. ಫೋನ್ ಆಫ್ ಮಾಡಿದರೆ ನೀವು ನೋಡುವುದು ನಿಲ್ಲುತ್ತದೆ, ಆ ಸಾಲುಗಳು ಎಲ್ಲಿಗೂ ಹೋಗುವುದಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಗೋಡೆ ಮುಗಿಯಲು ಇನ್ನೂ 14 ಗಂಟೆ ಅಂತ ಟೈಮರ್ ಓಡುತ್ತಿರುತ್ತದಲ್ಲ, ಸರ್ವರ್‌ನಲ್ಲಿ ಯಾರೂ ಸೆಕೆಂಡ್ ಎಣಿಸುತ್ತಾ ಕೂತಿರುವುದಿಲ್ಲ. ಲಕ್ಷಾಂತರ ಜನರ ಟೈಮರ್ ಎಣಿಸುತ್ತಾ ಕೂತರೆ ಸರ್ವರ್ ಸತ್ತೇ ಹೋಗುತ್ತದೆ. ಅಲ್ಲಿ ಬರೆದಿಟ್ಟಿರುವುದು ಮುಗಿಯುವ ಹೊತ್ತು ಮಾತ್ರ. ನೀವು ಆ್ಯಪ್ ತೆಗೆದಾಗ ಈಗಿನ ಹೊತ್ತನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಕಳೆಯುತ್ತಾರೆ. ಮರ, ಕಲ್ಲು, ಧಾನ್ಯ ಕೂಡ ಹಾಗೇ. ಕೊನೆಯ ಸಲ ಎಷ್ಟಿತ್ತು, ಗಂಟೆಗೆ ಎಷ್ಟು ಬರುತ್ತದೆ, ಎಷ್ಟು ಹೊತ್ತಾಯಿತು, ಗುಣಿಸಿ ಕೂಡಿಸಿದರೆ ಆಯಿತು. ನೀವು ಮಲಗಿದ್ದಾಗ ನಿಮ್ಮ ಹೊಲದಲ್ಲಿ ಯಾರೂ ಉಳುತ್ತಿರಲಿಲ್ಲ. ನೀವು ಎದ್ದು ನೋಡಿದ ಕ್ಷಣಕ್ಕೆ ಎಂಟು ಗಂಟೆಯ ಬೆಳೆ ಒಟ್ಟಿಗೆ ಬೆಳೆಯಿತು.

ಇಣುಕುಬುದ್ಧಿ

ಅಂದರೆ ಯಾರೂ ನೋಡದಿದ್ದರೆ ನನ್ನ ಕೋಟೆ ಇಲ್ಲವೇ ಇಲ್ಲ! ಇದು ಗೇಮೋ ವೇದಾಂತವೋ.

ಕಳ್ಳಬೆಕ್ಕು_7

ಇದಕ್ಕೇ ಇರಬೇಕು ಫೋನಿನ ಗಡಿಯಾರ ಮುಂದಕ್ಕೆ ತಿರುಗಿಸುವ ಆಟ ಇಲ್ಲಿ ನಡೆಯುವುದಿಲ್ಲ. ಚಿಕ್ಕವನಿದ್ದಾಗ ಒಂದು ತೋಟದ ಗೇಮ್ ಇತ್ತು, ನೆಟ್ ಬೇಡದ್ದು. ತಾರೀಖು ಒಂದು ವಾರ ಮುಂದೆ ಹಾಕಿ ಬೆಳೆ ಕೊಯ್ಯುತ್ತಿದ್ದೆ. ಅದೇ ಬುದ್ಧಿ ಇಲ್ಲಿ ತೋರಿಸಲು ಹೋದೆ. ಗೋಡೆ ಹಾಗೇ ಇತ್ತು. ಅಮ್ಮನ ಅಲಾರಂ ಮಾತ್ರ ಅರ್ಧರಾತ್ರಿ ಬಡಿದುಕೊಂಡಿತು.

ನಿದ್ದೆಗಣ್ಣ

ಸರಿ ರಾಯರೇ, ಕೋಟೆ ಸರ್ವರ್‌ನಲ್ಲಿದೆ. ಯುದ್ಧ? ವರದಿ ಒತ್ತಿದರೆ ಕತ್ತಿ ಬೀಸುವುದು, ಕುದುರೆ ಬೀಳುವುದು ಎಲ್ಲ ಎರಡು ನಿಮಿಷ ಕಾಣಿಸುತ್ತದೆ. ಅದನ್ನು ಯಾರು ಆಡಿದರು?

ಸರ್ವರ್‌ರಾಯ

ಯಾರೂ ಆಡಲಿಲ್ಲ. ದಂಡು ನಿಮ್ಮ ಕೋಟೆಗೆ ಮುಟ್ಟಿದ ಹೊತ್ತಿಗೆ ಸರ್ವರ್ ಎರಡೂ ಕಡೆಯ ಅಂಕಿ ತೆಗೆದುಕೊಂಡು ಸುತ್ತಿನ ಮೇಲೆ ಸುತ್ತು ಲೆಕ್ಕ ಹಾಕಿ ಮುಗಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ. ನೀವು ನೋಡುವ ಕತ್ತಿ ಕುದುರೆ ಆಮೇಲೆ ಮಾಡಿದ ಅಲಂಕಾರ.

ಮ್ಯಾಪ್ ಮೇಲೆ ದಂಡು ನಡೆಯುವುದೂ ಹಾಗೇ. ಎಲ್ಲಿಂದ, ಎಲ್ಲಿಗೆ, ಯಾವಾಗ ಹೊರಟಿತು, ಯಾವಾಗ ತಲುಪುತ್ತದೆ ಎನ್ನುವುದು ಸರ್ವರ್‌ನಲ್ಲಿದೆ. ನಡುವಿನ ನಡಿಗೆಯನ್ನು ನಿಮ್ಮ ಫೋನ್ ಊಹಿಸಿ ಬಿಡಿಸುತ್ತದೆ. ಇಂಥ ಗೇಮ್‌ಗಳು ಕೆಟ್ಟ ನೆಟ್‌ನಲ್ಲೂ ಓಡುವುದು ಇದರಿಂದಲೇ. ಅರ್ಧ ಸೆಕೆಂಡ್ ತಡವಾದರೂ ಏನೂ ಆಗುವುದಿಲ್ಲ. ಗುಂಡು ಹಾರಿಸುವ ಗೇಮ್‌ನಲ್ಲಿ ಅದೇ ಅರ್ಧ ಸೆಕೆಂಡ್ ತಡವಾದರೆ ನೀವು ಸತ್ತು ನೆಲದ ಮೇಲೆ ಬಿದ್ದಿರುತ್ತೀರಿ.

ಹರಳುಗಳ್ಳ

ಸ್ವಲ್ಪ ತಿದ್ದುಪಡಿ. ಎಲ್ಲ ಗೇಮೂ ಹೀಗಲ್ಲ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಹೊಡೆಯುವವನು ನಿಜವಾಗಲೂ ಆಡಬೇಕು. 3 ನಿಮಿಷ ಕೊಡುತ್ತಾರೆ, ಯಾವ ಮೂಲೆಯಲ್ಲಿ ಯಾವ ಸೈನಿಕನನ್ನು ಯಾವಾಗ ಬಿಡಬೇಕು ಅನ್ನುವುದು ಕೈಚಳಕ. ಊರಿನ ಯಜಮಾನ ಮಾತ್ರ ಅಲ್ಲಿರುವುದಿಲ್ಲ. ಅವನು ಮೊದಲೇ ಜೋಡಿಸಿಟ್ಟ ಗೋಡೆ, ಫಿರಂಗಿ ಅವನ ಪರವಾಗಿ ಹೊಡೆದಾಡುತ್ತವೆ. ಅರ್ಧ ಊರು ಬಿದ್ದರೆ ಒಂದು ಸ್ಟಾರ್, ಊರಿನ ಮುಖ್ಯ ಕಟ್ಟಡ ಟೌನ್ ಹಾಲ್ ಬಿದ್ದರೆ ಇನ್ನೊಂದು, ಪೂರ್ತಿ 100% ಬಿದ್ದರೆ ಮೂರು.

ಇನ್ನೊಂದು ದೊಡ್ಡ ವ್ಯತ್ಯಾಸ. ಅದರಲ್ಲಿ ನೀವು ಆನ್‌ಲೈನ್ ಇದ್ದರೆ ಮಾಮೂಲಿ ದಾಳಿಯಲ್ಲಿ ಯಾರೂ ನಿಮ್ಮ ಊರಿಗೆ ಬರುವಂತಿಲ್ಲ. ನಿದ್ದೆಗಣ್ಣರ ಗೇಮ್‌ನಲ್ಲಿ ನೀವು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗಲೇ ಬಂದು ಸುಡುತ್ತಾರೆ.

ಸರ್ವರ್‌ರಾಯ

ಒಪ್ಪಿದೆ. ಅಂಥ ಗೇಮ್‌ಗಳಲ್ಲಿ ಯುದ್ಧವನ್ನು ಆಮೇಲೆ ತೋರಿಸಲು ಉಳಿಸಿಡುವುದು ವಿಡಿಯೊ ಅಲ್ಲ, ಬೆರಳಿನ ಲೆಕ್ಕ. ಇಷ್ಟನೇ ಸೆಕೆಂಡಿಗೆ ಇಂಥ ಜಾಗದಲ್ಲಿ ಇಂಥವನನ್ನು ಬಿಟ್ಟ, ಅಂತ ಒಂದು ಪಟ್ಟಿ. ಅದನ್ನೇ ಮತ್ತೆ ಓಡಿಸಿದರೆ ಅದೇ ಯುದ್ಧ ಮತ್ತೆ ಬರುತ್ತದೆ. ಅಪ್‌ಡೇಟ್ ಬಂದ ಮೇಲೆ ಹಳೇ ರೀಪ್ಲೇ ಓಡುವುದಿಲ್ಲ, ಗಮನಿಸಿದ್ದೀರಾ? ನಿಯಮ ಬದಲಾದ ಮೇಲೆ ಅದೇ ಬೆರಳಿಗೆ ಬೇರೆ ಯುದ್ಧ ಆಗುತ್ತದೆ, ಅದಕ್ಕೆ.

ಉಪಾಯ ಹಳೆಯದೇ. 1997ರ ಏಜ್ ಆಫ್ ಎಂಪೈರ್ಸ್‌ನಲ್ಲಿ ಎಂಟು ಜನ ಫೋನ್ ತಂತಿಯ ಮೋಡೆಮ್ ಮೇಲೆ ಆಡುತ್ತಿದ್ದರು. ನೂರಾರು ಸೈನಿಕರ ಜಾಗವನ್ನೆಲ್ಲ ಆ ತಂತಿಯಲ್ಲಿ ಕಳಿಸಲು ಆಗುತ್ತಿರಲಿಲ್ಲ. ಅಪ್ಪಣೆ ಮಾತ್ರ ಕಳಿಸಿದರು. ಎಲ್ಲರ ಕಂಪ್ಯೂಟರ್ ಅದೇ ಅಪ್ಪಣೆಗೆ ಅದೇ ಯುದ್ಧವನ್ನು ತಾನೇ ಆಡಿಕೊಳ್ಳುತ್ತಿತ್ತು. ಒಂದು ಕಂಪ್ಯೂಟರ್‌ನಲ್ಲಿ ಒಂದೇ ಒಂದು ಜಿಂಕೆ ಬೇರೆ ದಿಕ್ಕಿಗೆ ತಿರುಗಿದರೂ ಅಲ್ಲಿಂದಾಚೆಗೆ ಎರಡೂ ಕಡೆ ಬೇರೆ ಬೇರೆ ಪ್ರಪಂಚ.

ಸುಮ್ನಿರು

ಜಿಂಕೆ ಆಮೇಲೆ ನೋಡೋಣ. ನಿದ್ದೆಗಣ್ಣರೇ, ಶೀಲ್ಡ್ ಹಾಕಿ ಮಲಗುವ ಮುಂಚೆ ಏನೇನು ಮಾಡಿದಿರಿ? ಒಂದೊಂದಾಗಿ ಹೇಳಿ.

ನಿದ್ದೆಗಣ್ಣ

ಶೀಲ್ಡ್ ಹಾಕಿದೆ. ನಾಲ್ಕು ತಂಡ ಧಾನ್ಯ ತರಲು ಕಳಿಸಿದೆ, ತಲಾ 40 ಸಾವಿರ. ಅಕಾಡೆಮಿಯಲ್ಲಿ ಒಂದು ಸಂಶೋಧನೆ ಹಚ್ಚಿದೆ. ಪಕ್ಕದ ಕೋಟೆಯವನ ಹತ್ತಿರ ಏನಿದೆ ಅಂತ ಸುಮ್ನೆ ಒಬ್ಬ ಬೇಹುಗಾರನನ್ನು ಕಳಿಸಿ ನೋಡಿದೆ. ಮಲಗಿದೆ.

ಸುಮ್ನಿರು

ಸಿಕ್ಕಿತು.

ನಿದ್ದೆಗಣ್ಣ

ಏನು? ಬೇಹುಗಾರನಾ? ಅದು ಹೊಡೆತ ಅಲ್ಲವಲ್ಲ!

ಬಿಲ್ಲುಗಾರ್ತಿ

ಅಯ್ಯೋ ದೇವರೇ. ಎಷ್ಟೋ ಗೇಮ್‌ಗಳಲ್ಲಿ ಶತ್ರುವಿನ ಕೋಟೆಗೆ ಬೇಹುಗಾರ ಹೋದರೂ ಶೀಲ್ಡ್ ಬೀಳುತ್ತದೆ. ಒಳಗೆ ಕೂತು ಕಲ್ಲೆಸೆಯುವ ಹಾಗಿಲ್ಲ ಅನ್ನುವುದೇ ಶೀಲ್ಡ್‌ನ ಮೂಲ ಷರತ್ತು. ಕಳಿಸುವಾಗ ಏನಾದರೂ ಕೇಳಿತಾ?

ನಿದ್ದೆಗಣ್ಣ

ಕೆಂಪು ಅಕ್ಷರದಲ್ಲಿ ಏನೋ ಬಂತು. ಸರಿ ಒತ್ತಿದೆ. ಆ ಗೇಮ್‌ನಲ್ಲಿ ದಿನಕ್ಕೆ ನಲವತ್ತು ಸಲ ಏನೇನೋ ಬರುತ್ತದೆ, ಮುಕ್ಕಾಲು ಪಾಲು ಆಫರ್‌ಗಳು. ಯಾರು ಓದುತ್ತಾರೆ?

ಇಣುಕುಬುದ್ಧಿ

ಇಣುಕಿದ್ದಕ್ಕೆ ಶಿಕ್ಷೆ. ನನ್ನ ಹೆಸರಿನ ಮೇಲೆ ಆಣೆ, ಇದು ಅನ್ಯಾಯ.

ಹರಳುಗಳ್ಳ

ಶೀಲ್ಡ್ ನಿಯಮ ಅಂದರೆ ಒಂದು ಹಳೇ ಕಥೆ ನೆನಪಾಯಿತು. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಮೊದಲು ಟೌನ್ ಹಾಲ್ ಬಿದ್ದರೆ ಸಾಕು, 12 ಗಂಟೆ ಶೀಲ್ಡ್ ಸಿಗುತ್ತಿತ್ತು. ನಾವೆಲ್ಲ ಟೌನ್ ಹಾಲನ್ನು ಗೋಡೆಯಿಂದ ಆಚೆ, ಒಂದು ಮೂಲೆಯಲ್ಲಿ ಅನಾಥವಾಗಿ ಇಟ್ಟುಬಿಡುತ್ತಿದ್ದೆವು. ದಾರಿಯಲ್ಲಿ ಹೋಗುವವನು ಅದನ್ನು ಒಡೆದು ಟ್ರೋಫಿ ತೆಗೆದುಕೊಂಡು ಹೋಗುತ್ತಿದ್ದ, ನಮ್ಮ ಚಿನ್ನ ಒಳಗೆ ಭದ್ರ, ಮೇಲೆ ಅರ್ಧ ದಿನದ ಶೀಲ್ಡ್. ಇಬ್ಬರಿಗೂ ಖುಷಿ. 2015ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಆ ದಾರಿ ಮುಚ್ಚಿದರು. ಆಮೇಲೆ 30% ಊರು ಬಿದ್ದರೆ 12 ಗಂಟೆ, 60% ಬಿದ್ದರೆ 14, 90% ಬಿದ್ದರೆ 16 ಅಂತಾಯಿತು. ಆಟಗಾರ ನಿಯಮದಲ್ಲಿ ತೂತು ಹುಡುಕುತ್ತಾನೆ, ಕಂಪನಿ ಮುಚ್ಚುತ್ತದೆ, ಇವನು ಇನ್ನೊಂದು ಹುಡುಕುತ್ತಾನೆ. ಹತ್ತು ವರ್ಷದಿಂದ ಇದೇ ನಿಜವಾದ ಯುದ್ಧ ಅಂತ ನನ್ನ ಲೆಕ್ಕ.

ಹಳೇಹುಲಿ_04

ಹತ್ತು ವರ್ಷವಂತೆ! ನಾವು ಟ್ರಾವಿಯನ್ ಕಾಲದವರಪ್ಪ. 2004ರಲ್ಲಿ ಬಂದದ್ದು, ಬ್ರೌಸರ್‌ನಲ್ಲಿ ಆಡುವುದು. ಸೈನಿಕರು ಧಾನ್ಯ ತಿನ್ನುತ್ತಿದ್ದರು. ಕಣಜ ಖಾಲಿಯಾದರೆ ಹಸಿವಿನಿಂದ ಸಾಯುತ್ತಿದ್ದರು. ಒಂದು ಸಲ ಗೆಳೆಯನ ಊರು ಕಾಯಲು ನನ್ನ ಇಡೀ ಸೈನ್ಯ ಕಳಿಸಿದೆ. ಶತ್ರು ಬರಲೇ ಇಲ್ಲ. ನನ್ನವರೇ ಅವನ ಕಣಜ ತಿಂದು ಮುಗಿಸಿ ಅಲ್ಲೇ ಸತ್ತರು. ಅವನು ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ.

ಆಗ ಸೆಕೆಂಡ್ ಲೆಕ್ಕದ ಆಟ. ಶತ್ರು ನಾಲ್ಕು ಅಲೆ ಒಂದರ ಹಿಂದೆ ಒಂದು ಸೆಕೆಂಡ್ ಅಂತರದಲ್ಲಿ ಬಿಡುತ್ತಿದ್ದ. ಮೊದಲನೆಯದು ಸೈನ್ಯ ಅಳಿಸಲು, ಹಿಂದಿನವು ಕಟ್ಟಡ ಕೆಡವಲು. ನಾವು ಅವೆರಡರ ಸಂದಿಗೆ ಸರಿಯಾಗಿ ನಮ್ಮ ಸಹಾಯದ ದಂಡು ಇಳಿಯುವ ಹಾಗೆ ಕಳಿಸಬೇಕು. ಕಾಗದ ಪೆನ್ಸಿಲ್ ಹಿಡಿದು, ನಡುರಾತ್ರಿ ಅಲಾರಂ ಇಟ್ಟು, ಗಡಿಯಾರ ನೋಡುತ್ತಾ ಬಟನ್ ಒತ್ತುವುದು. ಸಿಕ್ಕರೆ ಅವನ ಕಟ್ಟಡ ಕೆಡವುವವರೆಲ್ಲ ಬಲಿ. ಈಗಿನ ಶೀಲ್ಡ್ ಗೀಲ್ಡ್ ಎಲ್ಲ ಮಕ್ಕಳಾಟ.

ಬಿಟ್ಟುಬಂದವನು

ನಡುರಾತ್ರಿ ಎದ್ದು ಬಟನ್ ಒತ್ತುವುದನ್ನು ಹೆಮ್ಮೆ ಅಂತ ಹೇಳಿಕೊಳ್ಳುವ ಜನ ಇರುವವರೆಗೂ ಈ ಕಂಪನಿಗಳಿಗೆ ಚಿಂತೆ ಇಲ್ಲ.

ಹಳೇಹುಲಿ_04

ಹೆಮ್ಮೆಯೇ. ನೀವು ನಡುರಾತ್ರಿ ಎದ್ದು ಏನು ಮಾಡುತ್ತಿದ್ದಿರಿ, ಪದ್ಯ ಬರೆಯುತ್ತಿದ್ದಿರಾ?

ಬಿಲ್ಲುಗಾರ್ತಿ

ಜಗಳ ಆಮೇಲೆ. ನಿದ್ದೆಗಣ್ಣ, ಯುದ್ಧದ ವರದಿಗಳನ್ನು ಇಲ್ಲಿ ಹಾಕಿ. ಎಲ್ಲವನ್ನೂ, ಹೊತ್ತಿನ ಸಮೇತ.

ನಿದ್ದೆಗಣ್ಣ

ಚಿತ್ರ ಹಾಕಿದ್ದೇನೆ ನೋಡಿ. ಸಣ್ಣದಾಗಿ ಬರೆದರೆ:

2:51 ಧಾನ್ಯದ ತಂಡ 1 ಸೋಲು
2:54 ಧಾನ್ಯದ ತಂಡ 2 ಸೋಲು
2:58 ಧಾನ್ಯದ ತಂಡ 3 ಸೋಲು
3:12 ಕೋಟೆ ಸೋಲು. ಎದುರಾಳಿ ರ‍್ಯಾಲಿ, 6 ಜನ ಕೂಡಿ ಹೊಡೆದದ್ದು, ಒಟ್ಟು 5 ಲಕ್ಷ 10 ಸಾವಿರ. ಕೋಟೆಯಲ್ಲಿ ನನ್ನವರು 1 ಲಕ್ಷ 40 ಸಾವಿರ.

ನಾಲ್ಕನೇ ತಂಡ ದೂರದ ಗುಡ್ಡದ ಹಿಂದೆ ಇತ್ತು, ಉಳಿಯಿತು. ಅದೇ ಆ 40 ಸಾವಿರ.

ಕಳ್ಳಬೆಕ್ಕು_7

3:12 ಅನ್ನುವುದು ಸರ್ವರ್ ಗಡಿಯಾರ, ನಿಮ್ಮ ಗೋಡೆ ಗಡಿಯಾರ ಅಲ್ಲ. ಶೀಲ್ಡ್ ಲೆಕ್ಕ ಹಾಕುವಾಗ ಅದನ್ನೇ ನೋಡಬೇಕು.

ಬಿಲ್ಲುಗಾರ್ತಿ

ಒಬ್ಬನಲ್ಲ, ಆರು ಜನ. ನಿಮಗೆ ಕಂಡ 90 ಲಕ್ಷ ಪವರ್ ರ‍್ಯಾಲಿ ಎತ್ತಿದವನದು ಮಾತ್ರ. ಮತ್ತೆ ಆ ಪವರ್ ಅನ್ನುವ ಅಂಕಿಯನ್ನು ನಂಬಲೇಬೇಡಿ. ಅದರಲ್ಲಿ ಕಟ್ಟಡ, ಸಂಶೋಧನೆ, ಸೈನ್ಯ ಎಲ್ಲ ಕಲಸಿ ಕೂಡಿಸಿರುತ್ತಾರೆ. ಉಗ್ರಾಣ, ಹೊಲ ಎಲ್ಲ ಮೇಲಿನ ಹಂತಕ್ಕೆ ಏರಿಸಿಕೊಂಡು 1.2 ಕೋಟಿ ಮಾಡಿಕೊಂಡವನು ಮೈ ಊದಿದವನೇ ಹೊರತು ಗಟ್ಟಿಯಲ್ಲ. ಬೇಸರ ಮಾಡಿಕೊಳ್ಳಬೇಡಿ.

ಈಗ ಹೊತ್ತು ನೋಡಿ. ಅವರು ಮೊದಲು ಕೋಟೆಗೆ ಬರಲಿಲ್ಲ. ಹೊರಗಿದ್ದ ಮೂರು ತಂಡ ಹೊಡೆದರು. ಆ ಗಾಯಾಳುಗಳೆಲ್ಲ ಎಲ್ಲಿಗೆ ಹೋದರು? ನಿಮ್ಮ ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು?

ನಿದ್ದೆಗಣ್ಣ

30 ಸಾವಿರ. ಓ...

ಬಿಲ್ಲುಗಾರ್ತಿ

ಹಾಂ. ಇಂಥ ಗೇಮ್‌ಗಳಲ್ಲಿ ಕೋಟೆ ಕಾಯುವವರು ಸೋತರೆ ಸಾಮಾನ್ಯವಾಗಿ ಗಾಯಾಳುಗಳಾಗುತ್ತಾರೆ, ಆಸ್ಪತ್ರೆಯಲ್ಲಿ ಜಾಗ ಇರುವವರೆಗೆ. ತುಂಬಿದ ಮೇಲೆ ಬಂದವರು ಸಾಯುತ್ತಾರೆ. 2:58ಕ್ಕೆ ನಿಮ್ಮ ಆಸ್ಪತ್ರೆ ತುಂಬಿತ್ತು. 3:12ಕ್ಕೆ ಕೋಟೆಯಲ್ಲಿ ಬಿದ್ದ ಒಬ್ಬನಿಗೂ ಹಾಸಿಗೆ ಸಿಗಲಿಲ್ಲ. ಹುಡುಗಾಟದವರಲ್ಲ ಅವರು, ಕೆಲಸ ಗೊತ್ತಿರುವವರು. ನಾನೂ ಆಟಗಾರರ ಒಂದು ಒಕ್ಕೂಟ ನಡೆಸುತ್ತೇನೆ, ನಾವೂ ಇದನ್ನೇ ಮಾಡುತ್ತೇವೆ. ಕ್ಷಮಿಸಿ.

ನಿದ್ದೆಗಣ್ಣ

2:58ರಿಂದ 3:12ರವರೆಗೆ 14 ನಿಮಿಷ ಏನು ಮಾಡುತ್ತಿದ್ದರು?

ಬಿಲ್ಲುಗಾರ್ತಿ

ಹೇಳುತ್ತೇನೆ, ನಮ್ಮ ಕಡೆಯಿಂದ ಹೇಗಿರುತ್ತದೆ ಅಂತ. ರ‍್ಯಾಲಿ ಎತ್ತುವವಳು ಗುರಿ ಹಿಡಿದು ಬಟನ್ ಒತ್ತುತ್ತಾಳೆ. ಐದೋ ಹತ್ತೋ ನಿಮಿಷದ ಗಡುವು ಶುರು. ಒಕ್ಕೂಟದ ಎಲ್ಲರ ಪರದೆಯಲ್ಲೂ ಅದು ಕಾಣುತ್ತದೆ. ಸೇರುವವರ ಸಣ್ಣ ಸಣ್ಣ ದಂಡುಗಳು ಅವಳ ಕೋಟೆಗೆ ನಡೆದುಕೊಂಡು ಬರಬೇಕು. ದೂರ ಇರುವವನು ತಡವಾದರೆ ಬಿಟ್ಟು ಹೋಗುತ್ತೇವೆ. ಅದುವರೆಗೂ ಚಾಟ್‌ನಲ್ಲಿ ತಮಾಷೆ ಮಾಡುತ್ತಿದ್ದವರೆಲ್ಲ ಗಪ್‌ಚುಪ್. ಒಬ್ಬ ಮಾತ್ರ "ಕುದುರೆ ಕಳಿಸಬೇಡಿ, ಅವನ ಹತ್ತಿರ ಈಟಿಯವರು ಜಾಸ್ತಿ" ಅಂತ ಹಾಕುತ್ತಾನೆ. ಅದು ಹೇಗೆ ಗೊತ್ತು? ಹತ್ತು ನಿಮಿಷದ ಹಿಂದೆ ನಮ್ಮ ಬೇಹುಗಾರ ಹೋಗಿ ಬಂದಿರುತ್ತಾನೆ. ಕೊನೆಯ ಮೂವತ್ತು ಸೆಕೆಂಡ್‌ನಲ್ಲಿ ಎಲ್ಲರೂ ನೋಡುವುದು ಒಂದೇ, ಗುರಿಯ ಮೇಲೆ ಶೀಲ್ಡಿನ ಗುಳ್ಳೆ ಎದ್ದಿತಾ ಅಂತ. ಎದ್ದರೆ ಇಡೀ ರ‍್ಯಾಲಿ ತೋಪು. ನಿಮ್ಮ ಫೋನ್‌ಗೆ ಎಚ್ಚರಿಕೆ ಬಂದಿರುತ್ತದೆ. ನೀವು ಆಗ ಎದ್ದು ಒಂದು ಬಟನ್ ಒತ್ತಿದ್ದರೆ ಆರು ಜನರ ರಾತ್ರಿ ಹಾಳಾಗುತ್ತಿತ್ತು.

ನಿದ್ದೆಗಣ್ಣ

ಡೇಟಾ ಆಫ್ ಮಾಡಿದ್ದೆ ಅಂದೆನಲ್ಲ ಅಕ್ಕಾ.

ಲೆಕ್ಕದಮೇಷ್ಟ್ರು

ತಡವಾಗಿ ಬಂದೆ. ಆರು ಜನ ಒಟ್ಟಿಗೆ ಬಂದದ್ದೇ ಯಾಕೆ ಇಷ್ಟು ಕೆಟ್ಟದಾಗಿ ಹೊಡೆಯಿತು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನುವ ಬ್ರಿಟಿಷ್ ಎಂಜಿನಿಯರ್ ಒಂದನೇ ಮಹಾಯುದ್ಧದ ಕಾಲದಲ್ಲಿ, 1916ರ ಹೊತ್ತಿಗೆ, ಬರೆದದ್ದು. ಎಲ್ಲರೂ ಎಲ್ಲರಿಗೂ ಗುರಿಯಿಟ್ಟು ಹೊಡೆಯಬಹುದಾದ ಯುದ್ಧದಲ್ಲಿ ಸೈನ್ಯದ ಬಲ ತಲೆ ಎಣಿಕೆಯ ಹಾಗೆ ಬೆಳೆಯುವುದಿಲ್ಲ, ಅದರ ವರ್ಗದ ಹಾಗೆ ಬೆಳೆಯುತ್ತದೆ. ಎರಡು ಪಟ್ಟು ಜನ ಅಂದರೆ ನಾಲ್ಕು ಪಟ್ಟು ಬಲ.

ನಿಮ್ಮ ಅಂಕಿ ಹಾಕೋಣ. ಲಕ್ಷದಲ್ಲಿ: ಅವರು 5.1, ನೀವು 1.4. ವರ್ಗ ಮಾಡಿ ಕಳೆದರೆ 26.01 ರಿಂದ 1.96 ಹೋಗಿ 24.05. ಅದರ ವರ್ಗಮೂಲ ಸುಮಾರು 4.9. ಅಂದರೆ ನಿಮ್ಮವರು ಪೂರ್ತಿ ಮುಗಿಯುವ ಹೊತ್ತಿಗೆ ಅವರು ಕಳೆದುಕೊಳ್ಳುವುದು ಬರೀ 20 ಸಾವಿರ.

ಈಗ ಅದೇ ಆರು ಜನ, ತಲಾ 85 ಸಾವಿರ ಅಂದುಕೊಳ್ಳಿ, ಒಬ್ಬೊಬ್ಬರಾಗಿ ಬಂದಿದ್ದರೆ? ಮೊದಲನೆಯವನು ಪೂರ್ತಿ ನಾಶ, ನಿಮಗೆ 1 ಲಕ್ಷ 11 ಸಾವಿರ ಉಳಿಯುತ್ತದೆ. ಎರಡನೆಯವನೂ ನಾಶ, ನಿಮಗೆ ಸುಮಾರು 72 ಸಾವಿರ. ಮೂರನೆಯವನು ಗೆಲ್ಲುತ್ತಾನೆ, ಆದರೆ ಅವನಿಗೂ ಸುಮಾರು 40 ಸಾವಿರ ನಷ್ಟ. ಒಟ್ಟು 2 ಲಕ್ಷ 10 ಸಾವಿರ ಜನ ಸತ್ತಿರುತ್ತಿದ್ದರು. ಒಟ್ಟಿಗೆ ಬಂದದ್ದಕ್ಕೆ ನಷ್ಟ ಹತ್ತರಲ್ಲಿ ಒಂದು ಪಾಲು. ಒಗ್ಗಟ್ಟಿನಲ್ಲಿ ಬಲವಿದೆ ಅಂತಾರಲ್ಲ, ಎಷ್ಟು ಬಲ ಅಂತ ಈಗ ಗೊತ್ತಾಯಿತು.

ಇನ್ನೂ ಒಂದು. ನಿಮ್ಮ 3 ಲಕ್ಷವೂ ಕೋಟೆಯೊಳಗೇ ಇದ್ದಿದ್ದರೆ ಸೋಲುತ್ತಿದ್ದಿರಿ ನಿಜ, ಆದರೆ ಅವರಿಗೆ 1 ಲಕ್ಷದ ಹತ್ತಿರ ನಷ್ಟವಾಗುತ್ತಿತ್ತು. ಅಷ್ಟು ದುಬಾರಿ ಅಂತ ಬೇಹುಗಾರ ಬಂದು ಹೇಳಿದ್ದರೆ ಅವರು ಬರುತ್ತಲೇ ಇರಲಿಲ್ಲವೇನೋ. ನಾಲ್ಕು ತಂಡ ಹೊರಗೆ ಕಳಿಸಿದ್ದೇ ಆಹ್ವಾನ ಪತ್ರಿಕೆ.

ಸರ್ವರ್‌ರಾಯ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ಎರಡೂ ಕಡೆ ಒಂದೇ ದರ್ಜೆಯ ಸೈನಿಕರಿದ್ದರೆ ಮಾತ್ರ. ಗೇಮ್ ಒಳಗಿನ ಸೂತ್ರ ನಮಗೆ ಯಾರೂ ತೋರಿಸುವುದಿಲ್ಲ. ಸೈನಿಕರ ದರ್ಜೆ, ಸೇನಾಪತಿಯ ಕೌಶಲ, ಸಂಶೋಧನೆಯ ಶೇಕಡಾವಾರು ಎಲ್ಲ ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. ದಾಳಿಗೆ 20%, ರಕ್ಷಣೆಗೆ 20%, ಆಯಸ್ಸಿಗೆ 20% ಅಂತ ಸಣ್ಣ ಸಣ್ಣದಾಗಿ ಕಾಣುತ್ತದೆ. ಮೂರೂ ಗುಣಿಸಿದರೆ 1.73 ಪಟ್ಟು. ಜನ ಇದನ್ನು ಕೂಡಿಸಿ 60% ಅಂದುಕೊಂಡು ಏಮಾರುತ್ತಾರೆ.

ಲೆಕ್ಕದಮೇಷ್ಟ್ರು

ಒಪ್ಪಿದೆ. ದಿಕ್ಕು ತೋರಿಸುವ ಲೆಕ್ಕ ಅದು, ಕೊನೆಯ ಅಂಕಿ ಅಲ್ಲ. ಮೇಲೆ ಕಾಲಾಳು, ಕುದುರೆ, ಬಿಲ್ಲು ಅನ್ನುವ ಮೂರರ ಸುತ್ತು ಬೇರೆ ಇದೆ. ರೈಸ್ ಆಫ್ ಕಿಂಗ್‌ಡಮ್ಸ್‌ನಲ್ಲಿ ಕಾಲಾಳು ಕುದುರೆಗೆ ಮೇಲು, ಕುದುರೆ ಬಿಲ್ಲಿಗೆ, ಬಿಲ್ಲು ಕಾಲಾಳಿಗೆ. ಬೇರೆ ಗೇಮ್‌ಗಳಲ್ಲಿ ಈ ಸುತ್ತು ತಿರುಗುಮುರುಗು ಇರಬಹುದು, ನಿಮ್ಮದರಲ್ಲಿ ಹೇಗಿದೆ ನೋಡಿಕೊಳ್ಳಿ.

ಬಿಟ್ಟುಬಂದವನು

ಇಷ್ಟೆಲ್ಲ ಲೆಕ್ಕ ಹಾಕಿದಿರಿ, ಆ ಶೇಕಡಾವಾರು ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳಲಿಲ್ಲ. ಕೊಂಡುಕೊಂಡದ್ದು ಸ್ವಾಮಿ. ಸೇನಾಪತಿ ಅದೃಷ್ಟದ ಪೆಟ್ಟಿಗೆಯಿಂದ ಬರುತ್ತಾನೆ, ಪೆಟ್ಟಿಗೆ ದುಡ್ಡಿಗೆ ಬರುತ್ತದೆ.

ಹರಳುಗಳ್ಳ

ಇದರಲ್ಲಿ ಅರ್ಧ ಸತ್ಯ ಇದೆ. ಈ ಗೇಮ್‌ಗಳು ಮಾರುವುದು ಕತ್ತಿಯನ್ನಲ್ಲ, ಸಮಯವನ್ನು. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನ ಹರಳಿನ ದರ ನೋಡಿ, ನಾನು ಬಾಯಿಪಾಠ ಮಾಡಿದ್ದೇನೆ. ಹರಳು ಅಂದರೆ ಆಟದೊಳಗಿನ ನಾಣ್ಯ, ಅದನ್ನು ಕೊಟ್ಟರೆ ಕಾಯುವುದು ತಪ್ಪುತ್ತದೆ. ಒಂದು ನಿಮಿಷಕ್ಕೆ 1 ಹರಳು. ಒಂದು ಗಂಟೆಗೆ 20. ಒಂದು ದಿನಕ್ಕೆ 260. ಒಂದು ವಾರಕ್ಕೆ 1000. ಗಂಟೆಯ ದರದಲ್ಲೇ ಹೋದರೆ ದಿನಕ್ಕೆ 480 ಆಗಬೇಕಿತ್ತು. ದೊಡ್ಡ ಕಾಯುವಿಕೆ ಅಗ್ಗ ಅನ್ನಿಸಬೇಕು, ಆಗ ಕೈ ಸಡಿಲವಾಗುತ್ತದೆ. ಸಣ್ಣದು ಒಂದೇ ಹರಳು ಅಲ್ವಾ ಅನ್ನಿಸಬೇಕು, ಅದೂ ಹೋಗುತ್ತದೆ. ನಾನು ಶುರುವಿನಲ್ಲಿ ಕೂಡಿಟ್ಟ ಹರಳನ್ನೆಲ್ಲ ಐದು ನಿಮಿಷ, ಹತ್ತು ನಿಮಿಷ ಉಳಿಸಲು ಉಡಾಯಿಸಿದೆ. ಅದೇ ಹರಳಿಗೆ ಕಟ್ಟಡ ಕಟ್ಟುವ ಇನ್ನೊಬ್ಬ ಬಿಲ್ಡರ್‌ನನ್ನು ತೆಗೆದುಕೊಂಡಿದ್ದರೆ ಅವನು ಜೀವಮಾನವಿಡೀ ಕೆಲಸ ಮಾಡುತ್ತಿದ್ದ. ಮೂರನೆಯ ಬಿಲ್ಡರ್‌ಗೆ 500, ನಾಲ್ಕನೆಯವನಿಗೆ 1000, ಐದನೆಯವನಿಗೆ 2000 ಹರಳು. ದುಡ್ಡು ಹಾಕದೆ ಬರೀ ಕಲ್ಲು ಗಿಡ ಕಿತ್ತು ಹರಳು ಕೂಡಿಸಿ ಐದೂ ತೆಗೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ತಾಳ್ಮೆ ಬೇಕು ಅಷ್ಟೇ.

ಕಳ್ಳಬೆಕ್ಕು_7

ಪೆಟ್ಟಿಗೆ ವಿಷಯಕ್ಕೆ ಕೆಲವು ಕಡೆ ಕಾನೂನೂ ಬಂದಿದೆ. 2018ರಲ್ಲಿ ಬೆಲ್ಜಿಯಂ ದುಡ್ಡು ಕೊಟ್ಟು ತೆಗೆಯುವ ಅದೃಷ್ಟದ ಪೆಟ್ಟಿಗೆ ಜೂಜು ಅಂತ ಹೇಳಿತು. ಆ್ಯಪಲ್ 2017ರ ಕೊನೆಯಿಂದ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಅಂದಿದೆ. ಪೆಟ್ಟಿಗೆ ಪಕ್ಕದಲ್ಲಿ ಸಣ್ಣ ಪ್ರಶ್ನೆ ಚಿಹ್ನೆ ಇರುತ್ತದೆ, ಒತ್ತಿ ನೋಡಿ. 0.5% ಅಂತ ಕಂಡರೆ ಸಾಲಾಗಿ 200 ಪೆಟ್ಟಿಗೆ ತೆಗೆದರೆ ಸಿಕ್ಕೇ ಸಿಗುತ್ತದೆ ಅಂತಲ್ಲ. 200 ತೆಗೆದ ಮೂವರಲ್ಲಿ ಒಬ್ಬನಿಗೆ ಏನೂ ಸಿಗದೆ ಹೋಗುತ್ತದೆ. ಆ ಒಬ್ಬ ನಾನು.

ಲೆಕ್ಕದಮೇಷ್ಟ್ರು

ಸರಿಯಾದ ಲೆಕ್ಕ. 0.995 ಅನ್ನು 200 ಸಲ ಗುಣಿಸಿದರೆ 0.37 ಹತ್ತಿರ ಬರುತ್ತದೆ. ಮೂವರಲ್ಲಿ ಒಬ್ಬನಿಗಿಂತ ಸ್ವಲ್ಪ ಜಾಸ್ತಿಯೇ.

ಬಿಲ್ಲುಗಾರ್ತಿ

ದುಡ್ಡು ಇದೆ, ಇಲ್ಲ ಅನ್ನುವುದಿಲ್ಲ. ನಮ್ಮ ಒಕ್ಕೂಟದಲ್ಲೂ ಒಬ್ಬ ತಿಮಿಂಗಿಲ, ಅಂದರೆ ದುಡ್ಡು ಸುರಿಯುವವನು, ಇದ್ದಾನೆ, ಅವನ ಸೈನ್ಯ ನೋಡಿದರೆ ನಮಗೇ ಭಯ. ಆದರೆ ಅವನು ಒಬ್ಬನೇ ಮ್ಯಾಪ್ ಮೇಲೆ ನಿಂತರೆ ಅವನನ್ನೂ ಎಂಟು ಜನ ಸೇರಿ ಸುಡುತ್ತಾರೆ. ಸುಟ್ಟಿದ್ದಾರೆ ಕೂಡ. ಆ ದಿನ ಅವನು ಚಾಟ್‌ನಲ್ಲಿ ಹಾಕಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ನಿಜವಾದ ಆಟ ಚಾಟ್‌ನಲ್ಲಿ ನಡೆಯುತ್ತದೆ. ಯಾರು ರಾತ್ರಿ ಎಚ್ಚರ ಇರುತ್ತಾರೆ, ಯಾರ ಕೋಟೆ ಯಾರ ಪಕ್ಕ ಇರಬೇಕು, ಯಾರಿಗೆ ಧಾನ್ಯ ಕಳಿಸಬೇಕು, ಯಾರು ಪಕ್ಕದ ಒಕ್ಕೂಟಕ್ಕೆ ಸುದ್ದಿ ಮುಟ್ಟಿಸುತ್ತಿದ್ದಾರೆ. ಬೇರೆ ಬೇರೆ ದೇಶದವರು ಇದ್ದರೆ ಒಬ್ಬರ ರಾತ್ರಿ ಇನ್ನೊಬ್ಬರ ಹಗಲು, ಯಾರಾದರೂ ಎದ್ದೇ ಇರುತ್ತಾರೆ. ನಿದ್ದೆಗಣ್ಣ, ನಿಮ್ಮ ಒಕ್ಕೂಟದಲ್ಲಿ ಎಷ್ಟು ಜನ? ಆ ರಾತ್ರಿ ಒಬ್ಬನಾದರೂ ನಿಮ್ಮ ಕೋಟೆಗೆ ಸಹಾಯದ ದಂಡು ಕಳಿಸಿದನಾ?

ನಿದ್ದೆಗಣ್ಣ

22 ಜನ. ಅದರಲ್ಲಿ ಹನ್ನೊಂದು ಜನ ಹತ್ತು ದಿನದಿಂದ ಆಫ್‌ಲೈನ್. ಯಾರೂ ಕಳಿಸಲಿಲ್ಲ. ಬೆಳಿಗ್ಗೆ ಒಬ್ಬ ಅಳುವ ಮುಖದ ಇಮೋಜಿ ಹಾಕಿದ.

ಸುಮ್ನಿರು

ಅದು ಒಕ್ಕೂಟ ಅಲ್ಲ, ಮತದಾರರ ಪಟ್ಟಿ.

ಹಳೇಹುಲಿ_04

ಒಕ್ಕೂಟ, ದಂಡು, ಬೇಹುಗಾರ ಅಂತ ಬಿಲ್ಲುಗಾರ್ತಿ ಮೇಡಂ ಎಷ್ಟು ಚೆನ್ನಾಗಿ ಬರೆಯುತ್ತಾರೆ. ರ‍್ಯಾಲಿಗೆ ಮಾತ್ರ ಕನ್ನಡ ಸಿಗಲಿಲ್ಲವಾ?

ಇಣುಕುಬುದ್ಧಿ

ದಂಡೆತ್ತು! ದಂಡೆತ್ತಿ ಹೋಗುವುದು ಅಂತ ಇದೆಯಲ್ಲ.

ಬಿಲ್ಲುಗಾರ್ತಿ

ಒಬ್ಬನೇ ಹೋದರೂ ದಂಡೆತ್ತುವುದೇ ಆಗುತ್ತದೆ. ರ‍್ಯಾಲಿ ಅಂದರೆ ಕೂಡಿ ಹೋಗುವುದು. ಮೊದಲು ಕೂಡುದಂಡು ಅಂತ ಹಾಕುತ್ತಿದ್ದೆ. ಹೊಸ ಹುಡುಗನೊಬ್ಬ ಅದು ದಂಡ ಕಟ್ಟುವುದು ಅಂದುಕೊಂಡು ಧಾನ್ಯ ಕಳಿಸಿದ. ಅವತ್ತಿಂದ ರ‍್ಯಾಲಿ.

ಸರ್ವರ್‌ರಾಯ

ಶೀಲ್ಡ್‌ಗೆ ಗುರಾಣಿ ಅನ್ನಬಹುದು, ಆದರೆ ಗುರಾಣಿ ಕೈಯಲ್ಲಿ ಹಿಡಿಯುವುದು. ಇದು ಗುಳ್ಳೆ. ಸುಮ್ನೆ ಗುಳ್ಳೆ ಅಂದರೆ ಸಾಕು.

ನಿದ್ದೆಗಣ್ಣ

ನನ್ನ ಗುಳ್ಳೆ ಒಡೆದ ಕಥೆಗೆ ವಾಪಸ್ ಬನ್ನಿ. ಈಗ ಏನು ಮಾಡಲಿ?

ಬಿಲ್ಲುಗಾರ್ತಿ

ಮೊದಲು ಬೆಂಕಿ ಆರಿಸಿ, ಗೋಡೆ ಪೂರ್ತಿ ಸುಟ್ಟರೆ ಕೋಟೆಯನ್ನೇ ಎತ್ತಿ ಮ್ಯಾಪ್‌ನಲ್ಲಿ ಬೇರೆಲ್ಲೋ ಎಸೆಯುವ ಗೇಮ್‌ಗಳಿವೆ. ಆಸ್ಪತ್ರೆಯವರನ್ನು ಸ್ವಲ್ಪ ಸ್ವಲ್ಪವಾಗಿ ಗುಣಪಡಿಸಿ, ಪ್ರತಿ ಸಲ ಒಕ್ಕೂಟದ ಸಹಾಯ ಒತ್ತಿಸಿ. ಒಟ್ಟಿಗೆ 30 ಸಾವಿರ ಹಾಕಬೇಡಿ, ಸಣ್ಣ ಸಣ್ಣ ಗುಂಪಾದರೆ ಸಹಾಯದಲ್ಲೇ ಕಾಯುವ ಸಮಯ ಬಹುಪಾಲು ಕಡಿಮೆಯಾಗುತ್ತದೆ. ಆಮೇಲೆ ಆಸ್ಪತ್ರೆ ದೊಡ್ಡದು ಮಾಡಿ. ಯಾರೂ ಮಾಡುವುದಿಲ್ಲ, ಯಾಕೆಂದರೆ ನೋಡಲು ಚಂದ ಇಲ್ಲ. ಉಗ್ರಾಣ ಆಮೇಲೆ.

ಹಳೇಹುಲಿ_04

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಬಿಲ್ಲುಗಾರ್ತಿ

ಹಾಕಲೇಬೇಕು ಹುಲಿಯಣ್ಣ. ಒಂದು ಸಲ ಚೆನ್ನಾಗಿ ಸಿಕ್ಕಿದ ಕೋಟೆಗೆ ಮರುದಿನವೂ ಬರುತ್ತಾರೆ. ನಾವೂ ಹೋಗುತ್ತೇವೆ.

ಬಿಟ್ಟುಬಂದವನು

ಅಥವಾ ಡಿಲೀಟ್ ಮಾಡಿ. ನಾನು ಮಾಡಿ ಎರಡು ವರ್ಷ ಆಯಿತು. ನೆಮ್ಮದಿಯಾಗಿದ್ದೇನೆ.

ಸುಮ್ನಿರು

ನೆಮ್ಮದಿಯಾಗಿರುವವರು ಈ ಚರ್ಚೆಯಲ್ಲಿ ಏನು ಮಾಡುತ್ತಿದ್ದೀರಿ?

ಬಿಟ್ಟುಬಂದವನು

ಕೊನೆಗೆ ನನ್ನ ಹತ್ತಿರ ಇದ್ದ ಕುದುರೆಗಳು ಎಷ್ಟು ಗೊತ್ತಾ? 6 ಲಕ್ಷ. ಎಲ್ಲ ಮೇಲಿನ ದರ್ಜೆ. ಸುಮ್ನೆ ಹೇಳಿದೆ.

ಸರ್ವರ್‌ರಾಯ

ಒಂದು ನಿಮಿಷ. ನಿದ್ದೆಗಣ್ಣ, ನೀವು ಹಾಕಿದ ವರದಿಯ ಚಿತ್ರದಲ್ಲಿ ಕೋಟೆ ಮ್ಯಾಪ್ ಮೇಲೆ ಎಲ್ಲಿದೆ ಅಂತ ಹೇಳುವ ಎಕ್ಸ್, ವೈ ಅಂಕಿ ಹಾಗೇ ಇದೆ. ಕಿಂಗ್‌ಡಮ್ ನಂಬರ್ ಕೂಡ. ಮೊದಲು ಅದನ್ನು ತೆಗೆಯಿರಿ.

ನಿದ್ದೆಗಣ್ಣ

ತೆಗೆದೆ ತೆಗೆದೆ. ಯಾರೂ ನೋಡಿಲ್ಲ ತಾನೇ?

ಇಣುಕುಬುದ್ಧಿ

ನನ್ನ ಹೆಸರು ನೋಡಿ ಕೇಳಿ.

ಬಿಲ್ಲುಗಾರ್ತಿ

ನಾನು ನೋಡಿದೆ. ಅದೇ ಕಿಂಗ್‌ಡಮ್. ಹೆದರಬೇಡಿ, ಹೊಡೆದವರು ನಾವಲ್ಲ, ಅವರು ನಮಗೂ ಆಗದವರು. ನಮ್ಮಲ್ಲಿ ಎರಡು ಜಾಗ ಖಾಲಿ ಇದೆ. ಬರುವುದಾದರೆ ಬನ್ನಿ, ಒಂದೇ ಷರತ್ತು, ಕೆಂಪು ಅಕ್ಷರ ಓದಬೇಕು.

ನಿದ್ದೆಗಣ್ಣ

ಅರ್ಜಿ ಹಾಕಿದೆ ಅಕ್ಕಾ. ಈ ಸಲ 24 ಗಂಟೆಯ ಶೀಲ್ಡ್ ಹಾಕಿದ್ದೇನೆ. ಬೇಹುಗಾರನನ್ನು ಮುಟ್ಟಿಲ್ಲ. ಡೇಟಾ ಆನ್. ಮಲಗುತ್ತೇನೆ, ಎಲ್ಲರಿಗೂ ಧನ್ಯವಾದ.

ಬಿಲ್ಲುಗಾರ್ತಿ

ಆ ನಾಲ್ಕನೇ ತಂಡ ವಾಪಸ್ ಬಂತಾ? ಶೀಲ್ಡ್ ಕೋಟೆಗೆ ಮಾತ್ರ, ಹೊರಗಿರುವವರಿಗೆ ಇಲ್ಲ.

ಬಿಲ್ಲುಗಾರ್ತಿ

ನಿದ್ದೆಗಣ್ಣ?

ಸುಮ್ನಿರು

ಮಲಗಿದರು.